ಮೇಯರ್‌ಹೋಲ್ಡ್, ಸ್ತಾನಿಸ್ಲಾವ್ಸ್ಕಿ ಹಾವು-ಮುಂಗುಸಿಯೇ?

ಪ್ರಶ್ನೆ: ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್ಸ್ಕಿಯನ್ನು ಕಂಡರೆ ಅಲ್ಲಿನ ಇನ್ನೊಬ್ಬ ನಿರ್ದೇಶಕ ಮೇಯರ್‌ಹೋಲ್ಡ್‌ಗೆ ಆಗುತ್ತಿರಲಿಲ್ಲವಂತೆ. ಯಾಕೆ?

ಮತ್ತೆ ಅದೇ ಪ್ರಶ್ನೆ! ಆಗುತ್ತಿರಲಿಲ್ಲ ಅಂತ ಯಾರು ಹೇಳಿದ್ದು? ‘ಸ್ತಾನಿಸ್ಲಾವ್ಸ್ಕಿಯ ನಟನೆ ಒಳಗಿನಿಂದ ಹೊರಕ್ಕೆ, ಅಂದರೆ ಭಾವದಿಂದ ಮೈಗೆ; ಮೇಯರ್‌ಹೋಲ್ಡ್‌ದು ಹೊರಗಿನಿಂದ ಒಳಕ್ಕೆ, ಮೈಯಿಂದ ಭಾವಕ್ಕೆ’ ಅಂತ ಎರಡು ಕಾಲಂ ಎಳೆದರೆ ಪರೀಕ್ಷೆಗೆ ಸುಲಭ. ಅದನ್ನೇ ಹಗೆತನ ಮಾಡಿಬಿಟ್ಟರೆ ಹೇಗೆ?

ಇಸವಿ ನೋಡುತ್ತಾ ಹೋಗಿ. 1898ರಲ್ಲಿ ಸ್ತಾನಿಸ್ಲಾವ್ಸ್ಕಿಯವರ ಮಾಸ್ಕೋ ಆರ್ಟ್ ಥಿಯೇಟರ್ ಶುರುವಾದಾಗ ಪೆನ್ಜಾ ಊರಿನ ಮೇಯರ್‌ಹೋಲ್ಡ್ ಮೊದಲ ತಂಡದಲ್ಲೇ ಇದ್ದ ನಟ. ಚೆಕಾವ್ ಬರೆದ ‘ಸೀಗಲ್’ ನಾಟಕದಲ್ಲಿ ಟ್ರೆಪ್ಲೆವ್ ಪಾತ್ರ ಇವರದು, ಟ್ರಿಗೊರಿನ್ ಪಾತ್ರ ಸ್ತಾನಿಸ್ಲಾವ್ಸ್ಕಿಯದು. 1902ರಲ್ಲಿ ತಂಡ ಬಿಟ್ಟಿದ್ದು ನಿಜ. ಆದರೆ 1905ರಲ್ಲಿ ಅವರನ್ನು ಕರೆಸಿ, ಹೊಸ ಪ್ರಯೋಗಕ್ಕೆಂದೇ ಪೊವಾರ್ಸ್ಕಾಯಾ ಬೀದಿಯಲ್ಲಿ ಸ್ಟುಡಿಯೋ ಮಾಡಿಕೊಟ್ಟವರು ಸ್ತಾನಿಸ್ಲಾವ್ಸ್ಕಿಯೇ, ಅದೂ ಸ್ವಂತ ದುಡ್ಡಿನಲ್ಲಿ. ತಾಲೀಮು ಒಪ್ಪಿಗೆಯಾಗದೆ, ಒಂದು ಪ್ರದರ್ಶನವೂ ಆಗದೆ ಅದು ಮುಚ್ಚಿತು. ದುಡ್ಡು ಹೋಯಿತು. ಜಗಳವಾಡಬೇಕಿದ್ದರೆ ಆಗಲೇ ಆಡಬಹುದಿತ್ತು, ಅಲ್ವಾ?

ಆಮೇಲೆ ದಾರಿ ಬೇರೆಯಾಯಿತು. ನಟನ ಮೈಯೇ ಮೊದಲು ಅಂದರು ಮೇಯರ್‌ಹೋಲ್ಡ್. 1922ರಲ್ಲಿ ಕಲಾವಿದೆ ಪೊಪೊವಾ ರಂಗದ ಮೇಲೆ ಕಟ್ಟಿದ ಚಕ್ರ, ಮೆಟ್ಟಿಲು, ಜಾರುಬಂಡಿಗಳ ಮೇಲೆ ನಟರನ್ನು ಓಡಾಡಿಸಿದರು. ಸ್ತಾನಿಸ್ಲಾವ್ಸ್ಕಿಯ ಕ್ರಮವನ್ನು ಬಾಯ್ತುಂಬ ಟೀಕಿಸಿದ್ದೂ ಉಂಟು.

ಈಗ 1938ಕ್ಕೆ ಬನ್ನಿ. ಜನವರಿಯಲ್ಲಿ ಸರ್ಕಾರ ಮೇಯರ್‌ಹೋಲ್ಡ್ ಥಿಯೇಟರ್ ಮುಚ್ಚಿಸಿತು. ಸ್ತಾಲಿನ್ ಕಾಲ, ಅಂಥವರ ಹತ್ತಿರ ಸುಳಿಯಲೂ ಜನ ಹೆದರುತ್ತಿದ್ದರು. ಕರೆದು ತಮ್ಮ ಒಪೆರಾ ಥಿಯೇಟರ್‌ನಲ್ಲಿ ಕೆಲಸ ಕೊಟ್ಟವರು ಯಾರು? ಸ್ತಾನಿಸ್ಲಾವ್ಸ್ಕಿ! ಆ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟುಹೋದ ‘ರಿಗೊಲೆಟ್ಟೊ’ ಒಪೆರಾವನ್ನು ಪೂರ್ತಿ ಮಾಡಿ 1939ರಲ್ಲಿ ರಂಗಕ್ಕೆ ತಂದವರು ಈ ‘ಶತ್ರು’. ಇನ್ನೇನು ಸಾಕ್ಷಿ ಬೇಕು?

ಹಾಗಾದರೆ ಮೇಯರ್‌ಹೋಲ್ಡ್ ನಟರಿಗೆ ಕಲಿಸಿದ ಮೈ ತಾಲೀಮು, ಬಯೋಮೆಕ್ಯಾನಿಕ್ಸ್, ಅಂದರೆ ಸುಮ್ನೆ ಕಸರತ್ತಾ ಅಂತ ಯಾರೂ ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ. ಅದರಲ್ಲಿ ಬಾಣ ಬಿಡುವ ಅಭ್ಯಾಸವೊಂದಿದೆ. ಕೈಯಲ್ಲಿ ಬಿಲ್ಲೂ ಇಲ್ಲ, ಬಾಣವೂ ಇಲ್ಲ. ನಟ ಮುಂದಕ್ಕೆ ಹೋಗುವ ಮೊದಲು ಚೂರು ಹಿಂದಕ್ಕೆ ವಾಲುತ್ತಾನೆ, ಎತ್ತರಕ್ಕೆ ಏಳುವ ಮೊದಲು ಕುಗ್ಗುತ್ತಾನೆ. ಆ ಹಿಂದೇಟಿನಲ್ಲೇ ನೋಡುವವರ ಕಣ್ಣು ಅವನ ಮೇಲೆ ನೆಡುತ್ತದೆ. ತೋಳಿನ ಬಲ ತೋರಿಸಲಿಕ್ಕಲ್ಲ ಇದು. ಲಯ, ತೂಕ, ಎದುರಿನ ನಟನ ಮೇಲಿನ ಗಮನ ಕಲಿಯಲಿಕ್ಕೆ.

ಇಷ್ಟೆಲ್ಲ ನಮಗೆ ಗೊತ್ತಾಗಿದ್ದೇ ದೊಡ್ಡದು. 1939ರ ಜೂನ್‌ನಲ್ಲಿ ಮೇಯರ್‌ಹೋಲ್ಡ್ ಬಂಧನ. ಜುಲೈನಲ್ಲಿ ಹೆಂಡತಿ, ನಟಿ ಜಿನೈದಾ ರೈಖ್ ಮನೆಯಲ್ಲೇ ಕೊಲೆಯಾದರು. 1940ರ ಫೆಬ್ರವರಿ 2ರಂದು ಮೇಯರ್‌ಹೋಲ್ಡ್ ಅವರನ್ನು ಗುಂಡಿಟ್ಟು ಕೊಂದರು. ಆರೋಪಗಳು ಸುಳ್ಳೆಂದು ಸರ್ಕಾರ ಒಪ್ಪಿದ್ದು 1955ರಲ್ಲಿ. ಅಲ್ಲಿಯವರೆಗೆ ಅವರ ಕಾಗದಪತ್ರ ಉಳಿಯಲು ಕಾರಣ ರೈಖ್ ಅವರ ಮಗಳು, ಮತ್ತು ಮೇಯರ್‌ಹೋಲ್ಡ್ ಶಿಷ್ಯ, ಸಿನಿಮಾ ನಿರ್ದೇಶಕ ಐಸೆನ್‌ಸ್ಟೈನ್. ಮಾಸ್ಕೋ ಹೊರಗಿನ ತಮ್ಮ ಬೇಸಿಗೆ ಮನೆಯಲ್ಲಿ ಐಸೆನ್‌ಸ್ಟೈನ್ ಅವನ್ನು ಬಚ್ಚಿಟ್ಟಿದ್ದರು. ಸಿಕ್ಕಿಬಿದ್ದಿದ್ದರೆ ಅವರ ಗತಿಯೂ ಅಷ್ಟೇ ಆಗುತ್ತಿತ್ತು.