ಮರದಲ್ಲಿ ಕಪಿಯ ತಲೆ

‘ಮರದಲ್ಲಿ ಕಪಿಯ ತಲೆ, ಮೊಸಳೆ! (3)’

ಇದೊಂದು ಪದಬಂಧದ ಸುಳಿವು. ಉತ್ತರ ಮೂರಕ್ಷರದ್ದು. ಓದಿದ ಕೂಡಲೇ ನಿಮ್ಮ ಮನಸ್ಸು ಎಲ್ಲಿಗೆ ಹೋಯಿತು ಅಂತ ಹೇಳಲಾ? ನೀರಿನ ಪಕ್ಕ ಒಂದು ಮರ, ಮೇಲೆ ಮಂಗ, ಕೆಳಗೆ ಬಾಯಿ ತೆರೆದ ಮೊಸಳೆ. ಗುಂಡಿಗೆಯನ್ನು ಮರದಲ್ಲೇ ಬಿಟ್ಟು ಬಂದಿದ್ದೇನೆ ಅಂತ ಮೊಸಳೆಗೆ ಟೋಪಿ ಹಾಕಿದ ಮಂಗನ ಹಳೇ ಕತೆ ಗೊತ್ತಿದ್ದವರಿಗಂತೂ ಇಡೀ ಚಿತ್ರವೇ ಕಣ್ಣಮುಂದೆ ಬಂದಿರುತ್ತದೆ. ಬಂತಾ? ಹಾಗಾದರೆ ಬಲೆಗೆ ಬಿದ್ದಿರಿ.

ಇಲ್ಲಿ ಮಂಗ ಇಲ್ಲ. ನೀರಿಲ್ಲ. ಮರವೂ ಇಲ್ಲ. ಇರುವುದು ‘ಮ’ ಮತ್ತು ‘ರ’ ಅನ್ನುವ ಎರಡು ಅಕ್ಷರ. ಕಪಿಯ ತಲೆ ಅಂದರೆ ‘ಕಪಿ’ ಎಂಬ ಪದದ ಮೊದಲಕ್ಷರ, ‘ಕ’. ಅದನ್ನು ‘ಮರ’ದೊಳಗೆ ಕೂರಿಸಿ. ಮಕರ. ಮಕರ ಅಂದರೆ ಮೊಸಳೆ. ಮುಗಿಯಿತು.

ಸಾಮಾನ್ಯ ಪದಬಂಧ ಕೇಳುವುದು ಒಂದೇ ಪ್ರಶ್ನೆ: ಈ ಅರ್ಥದ ಪದ ನಿಮಗೆ ಗೊತ್ತಾ? ಕ್ರಿಪ್ಟಿಕ್ ಪದಬಂಧದ ಸುಳಿವಿನಲ್ಲಿ ಎರಡು ಭಾಗ ಇರುತ್ತದೆ. ಒಂದು ತುದಿಯಲ್ಲಿ ಉತ್ತರದ ಅರ್ಥ. ಉಳಿದದ್ದರಲ್ಲಿ ಆ ಉತ್ತರವನ್ನು ಅಕ್ಷರ ಜೋಡಿಸಿ ಕಟ್ಟುವ ಬಗೆ. ಅಂದರೆ ಒಂದೇ ಉತ್ತರಕ್ಕೆ ಎರಡು ದಾರಿ. ಸಾಮಾನ್ಯ ಪದಬಂಧಕ್ಕಿಂತ ಇದು ಸುಲಭ ಆಗಬೇಕಿತ್ತು ಅಲ್ವಾ? ಆಗುವುದಿಲ್ಲ. ಯಾಕೆಂದರೆ ಎರಡು ಭಾಗದ ನಡುವಿನ ಗೆರೆ ಎಲ್ಲಿದೆ ಅಂತ ಹೇಳಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡೂ ಸೇರಿ ಮೂರನೆಯದೇ ಒಂದು ಕತೆ ಹೇಳುತ್ತಿರುತ್ತವೆ. ಆ ಕತೆ ಬರೀ ಸುಳ್ಳು.

ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ. ಮಾಡಿದವರು ಆರ್ಥರ್ ವಿನ್. ಅದಕ್ಕೆ ಈ ಕಳ್ಳಬುದ್ಧಿ ಕಲಿಸಿದವರು ಬ್ರಿಟನ್ನಿನವರು. ಅಲ್ಲಿನ ಅಬ್ಸರ್ವರ್ ಪತ್ರಿಕೆಗೆ 1926ರಿಂದ ಪದಬಂಧ ಕಟ್ಟುತ್ತಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ತಮಗೆ ಟಾರ್ಕೆಮಾಡ ಅಂತ ಹೆಸರಿಟ್ಟುಕೊಂಡಿದ್ದರು. ಸ್ಪೇನಿನಲ್ಲಿ ಧರ್ಮದ ಹೆಸರಲ್ಲಿ ಜನರನ್ನು ಚಿತ್ರಹಿಂಸೆಗೆ ಗುರಿಮಾಡಿದ ವಿಚಾರಣಾಧಿಕಾರಿಯ ಹೆಸರದು. ಅವರ ನಂತರ ಬಂದವರು ಕ್ಸಿಮೆನೆಸ್, ಅದೂ ಅಂಥದೇ ಅಧಿಕಾರಿಯ ಹೆಸರು. 1972ರಲ್ಲಿ ಬಂದವರು ಅಝೆಡ್. ಇನ್ನೊಬ್ಬ ವಿಚಾರಣಾಧಿಕಾರಿ ಡೆಝಾನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹಿಂದುಮುಂದಾಗಿ ಓದಿದರೆ ಅಝೆಡ್. ಹೆಸರೇ ಒಂದು ಸುಳಿವು. ಇವರಿಗೆಲ್ಲ ಏನು ಕಾಯಿಲೆ ಅಂತ ಕೇಳಬೇಡಿ.

ಆದರೆ ಈ ಕಾಟಕ್ಕೂ ಒಂದು ನಿಯಮ ಇದೆ. ಆಫ್ರಿಟ್ ಎಂಬ ಹೆಸರಲ್ಲಿ ಪದಬಂಧ ಕಟ್ಟುತ್ತಿದ್ದ ರಿಚಿ 1949ರಲ್ಲಿ ಅದನ್ನು ಸರಿಯಾಗಿ ಹೇಳಿದರು. ಸುಳಿವು ಕೊಡುವವನು ಮೇಲ್ನೋಟಕ್ಕೆ ಹೇಳಿದ್ದೇ ಅವನ ಮನಸ್ಸಿನಲ್ಲಿರಬೇಕು ಅಂತೇನಿಲ್ಲ. ಆದರೆ ಅವನ ಮನಸ್ಸಿನಲ್ಲಿ ಇರುವುದನ್ನು ಅವನು ಹೇಳಿರಲೇಬೇಕು. ಅಂದರೆ ದಾರಿ ತಪ್ಪಿಸಬಹುದು, ಮೋಸ ಮಾಡುವ ಹಾಗಿಲ್ಲ.

ದಾರಿ ತಪ್ಪುವುದು ಎಲ್ಲಿ? ನಮ್ಮ ತಲೆಯೊಳಗೆ. ಅದೂ ತಲೆ ಚೆನ್ನಾಗಿ ಕೆಲಸ ಮಾಡುತ್ತಿರುವುದರಿಂದಲೇ.

1979ರಲ್ಲಿ ಡೇವಿಡ್ ಸ್ವಿನ್ನಿ ಎಂಬ ಮನೋವಿಜ್ಞಾನಿ ಒಂದು ಜಾಣ ಪ್ರಯೋಗ ಮಾಡಿದರು. ಇಂಗ್ಲಿಷಿನಲ್ಲಿ ‘ಬಗ್’ ಅಂದರೆ ಹುಳವೂ ಹೌದು, ಗೂಢಚಾರರು ಕದ್ದು ಕೇಳಲು ಬಚ್ಚಿಡುವ ಪುಟ್ಟ ಮೈಕೂ ಹೌದು. ಜೇಡ, ಜಿರಲೆ, ಇನ್ನೂ ಕೆಲವು ‘ಬಗ್’ಗಳು ಕೋಣೆಯ ಮೂಲೆಯಲ್ಲಿ ಸಿಕ್ಕವು ಎಂಬಂಥ ವಾಕ್ಯವನ್ನು ಜನರಿಗೆ ಕೇಳಿಸಿದರು. ಇಲ್ಲಿ ಮೈಕಿನ ಮಾತೇ ಇಲ್ಲ, ಬರೀ ಹುಳ. ‘ಬಗ್’ ಕಿವಿಗೆ ಬಿದ್ದ ಕ್ಷಣದಲ್ಲೇ ಪರದೆಯ ಮೇಲೆ ಒಂದು ಪದ ಮೂಡುತ್ತಿತ್ತು. ಅದು ನಿಜವಾದ ಪದವೋ ಅಲ್ಲವೋ ಅಂತ ಥಟ್ಟನೆ ತಿಳಿಸಬೇಕು. ಮನಸ್ಸಿನಲ್ಲಿ ಆಗಲೇ ಎಚ್ಚರಗೊಂಡಿರುವ ಅರ್ಥಕ್ಕೆ ಹತ್ತಿರದ ಪದ ಬಂದರೆ ಉತ್ತರ ಬೇಗ ಬರುತ್ತದೆ. ‘ಇರುವೆ’ ಅಂತ ಮೂಡಿದಾಗ ಬೇಗ ಬಂತು. ಅದು ಸರಿ. ‘ಗೂಢಚಾರ’ ಅಂತ ಮೂಡಿದಾಗಲೂ ಬೇಗ ಬಂತು! ಆದರೆ ಆ ಪದವನ್ನು ಸ್ವಲ್ಪ ತಡವಾಗಿ, ಬರೀ ಮೂರು ಸಿಲಬಲ್ ಆದಮೇಲೆ ತೋರಿಸಿದರೆ, ಇರುವೆ ಮಾತ್ರ ಬೇಗ. ಗೂಢಚಾರನಿಗೆ ಯಾವ ಲಾಭವೂ ಇಲ್ಲ.

ಅಂದರೆ ಒಂದು ಪದ ಕೇಳಿದಾಗ ಅದರ ಎಲ್ಲ ಅರ್ಥಗಳೂ ಒಂದು ಕ್ಷಣ ತಲೆ ಎತ್ತುತ್ತವೆ. ಸಂದರ್ಭಕ್ಕೆ ಹೊಂದುವುದು ಉಳಿಯುತ್ತದೆ, ಉಳಿದವು ಮಲಗುತ್ತವೆ. ಇದೆಲ್ಲ ನಮಗೆ ಗೊತ್ತೇ ಆಗುವುದಿಲ್ಲ. ಆಗದಿರುವುದೇ ಒಳ್ಳೆಯದು, ಇಲ್ಲದಿದ್ದರೆ ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಸುಳಿವು ಕಟ್ಟುವವರು ಸಂದರ್ಭವನ್ನು ಬೇಕಂತಲೇ ತಪ್ಪಾಗಿ ಇಟ್ಟು, ಬೇಕಾದ ಅರ್ಥವೇ ಮಲಗುವ ಹಾಗೆ ಮಾಡುತ್ತಾರೆ. ಬಿಡಿಸುವವರ ಕೆಲಸ ಅದನ್ನು ಎಬ್ಬಿಸುವುದು.

ಈ ಸುಳಿವು ನೋಡಿ: ‘ಹುಡುಕು, ರಾಜ! (3)’

ಯಾರೋ ರಾಜನಿಗೆ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಆ ಅಲ್ಪವಿರಾಮ, ಆ ಆಶ್ಚರ್ಯಸೂಚಕ ಎರಡನ್ನೂ ಒರೆಸಿ ಹಾಕಿ. ಉಳಿದದ್ದು ಎರಡು ಬಿಡಿ ಪದ. ಎರಡಕ್ಕೂ ಒಂದೇ ಉತ್ತರ: ಅರಸು. ಅರಸು ಅಂದರೆ ಹುಡುಕು, ಅರಸು ಅಂದರೆ ರಾಜ. ‘ರಾಜನನ್ನು ಹುಡುಕು’ ಅಂತ ಬರೆದಿದ್ದರೆ ಇನ್ನೂ ಸಹಜವಾಗಿ ಓದಿಸಿಕೊಳ್ಳುತ್ತಿತ್ತು. ಆದರೆ ‘ರಾಜನನ್ನು’ ಅಂದರೆ ‘ಅರಸನನ್ನು’, ಅದು ‘ಅರಸು’ ಆಗುವುದಿಲ್ಲ. ಕನ್ನಡದಲ್ಲಿ ಇಂಥ ಸುಳಿವು ಕಟ್ಟುವವರಿಗೆ ಇದೊಂದು ತಲೆನೋವು. ಇಂಗ್ಲಿಷಿನಲ್ಲಿ ಪದಗಳು ಬಿಡಿಬಿಡಿಯಾಗಿ ನಿಂತಿರುತ್ತವೆ, ಎಲ್ಲಿ ಬೇಕಾದರೂ ಕತ್ತರಿಸಬಹುದು. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡಿರುತ್ತದೆ. ಕತ್ತರಿಸಲು ಹೋದರೆ ಗುಟ್ಟು ಬಯಲಾಗುತ್ತದೆ.

ಆ ಅಂಟನ್ನೇ ಬಳಸಿಕೊಂಡರೆ ಹೇಗೆ ಅಂತ ಯೋಚಿಸುತ್ತಾ ಕೂತಾಗ ನನಗೆ ಇನ್ನೊಂದು ಸಿಕ್ಕಿತು. ‘ಹಾದಿ ತಪ್ಪಿದ ಮಗನ ಲಕ್ಷ್ಯ (3)’. ಇಲ್ಲಿ ಷಷ್ಠಿ ವಿಭಕ್ತಿಯ ‘ನ’ ಕೂಡ ಸರಕೇ. ‘ಹಾದಿ ತಪ್ಪಿದ’ ಅಂದರೆ ಅಕ್ಷರಗಳನ್ನು ಅದಲುಬದಲು ಮಾಡು ಅಂತ ಅಪ್ಪಣೆ. ಮ, ಗ, ನ ಕಲಸಿ. ಗಮನ. ಅಂದರೆ ಲಕ್ಷ್ಯ. ಸುಳಿವಿನಲ್ಲಿ ಒಂದಕ್ಷರವೂ ದಂಡ ಆಗಿಲ್ಲ. (ಇದಕ್ಕೆ ಬೆನ್ನು ತಟ್ಟಿಕೊಂಡೆ ಅಂತ ಒಪ್ಪಿಕೊಳ್ಳುತ್ತೇನೆ.)

ಮೂರಕ್ಷರ ಜೋಡಿಸಲು ಇರುವುದು ಆರೇ ಬಗೆ. ಏಳು ಬೇರೆ ಬೇರೆ ಅಕ್ಷರ ಇದ್ದರೆ 5,040 ಬಗೆ. ಅಷ್ಟನ್ನೂ ಯಾರೂ ಒಂದೊಂದಾಗಿ ನೋಡುವುದಿಲ್ಲ. ಪಳಗಿದವರು ಅಕ್ಷರಗಳನ್ನು ಅಂಚಿನಲ್ಲಿ ಒಂದು ವೃತ್ತದಲ್ಲಿ ಬರೆದುಕೊಳ್ಳುತ್ತಾರೆ. ಸುಮ್ನೆ ಅಲ್ಲ. ಸಾಲಾಗಿ ಇರುವವರೆಗೆ ‘ಮಗನ’ ಅಂತಲೇ ಓದಿಸಿಕೊಳ್ಳುತ್ತದೆ. ಓದು ಬಂದವರಿಗೆ ಓದದೇ ನೋಡುವುದು ಆಗುವುದಿಲ್ಲ. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಇದನ್ನೇ ತೋರಿಸಿದ್ದರು. ಹಸಿರು ಶಾಯಿಯಲ್ಲಿ ‘ಕೆಂಪು’ ಅಂತ ಬರೆದು, ಶಾಯಿಯ ಬಣ್ಣ ಯಾವುದು ಅಂತ ಕೇಳಿದರೆ ನಾಲಿಗೆ ತೊಡರುತ್ತದೆ. ಪದ ಮಧ್ಯೆ ಬಾಯಿ ಹಾಕುತ್ತದೆ. ವೃತ್ತದಲ್ಲಿ ಬರೆದರೆ ಮೊದಲೂ ಇಲ್ಲ, ಕೊನೆಯೂ ಇಲ್ಲ, ಪದ ಬಾಯಿ ಮುಚ್ಚುತ್ತದೆ.

‘ಪರಮ ಗುರುವಿನೊಳಗೆ ಕೂಸು (2)’ ಕೂಡ ಇಂಥದ್ದೇ. ಏನೋ ಅಧ್ಯಾತ್ಮ ಅನ್ನಿಸಿತಾ? ಪದಗಳ ನಡುವಿನ ಖಾಲಿ ಜಾಗವನ್ನು ಕಣ್ಣು ಗೋಡೆ ಅಂತ ಭಾವಿಸುತ್ತದೆ. ಗೋಡೆ ಕೆಡವಿ, ‘ಪರಮ’ದ ಕೊನೆಯನ್ನೂ ‘ಗುರು’ವಿನ ಮೊದಲನ್ನೂ ಒಟ್ಟಿಗೆ ಓದಿ. ಮಗು ಅಲ್ಲೇ ಕೂತಿದೆ, ಎಲ್ಲರ ಕಣ್ಣೆದುರಿಗೇ. ಇಂಗ್ಲಿಷಿನಲ್ಲಿ ಇದಕ್ಕಿಂತ ಹಟಮಾರಿ ಸುಳಿವು ಒಂದಿದೆ. ಅದರಲ್ಲಿ ಪದವೇ ಇಲ್ಲ: ‘ಎಚ್ ಐ ಜೆ ಕೆ ಎಲ್ ಎಂ ಎನ್ ಒ (5)’. ಎಚ್‌ನಿಂದ ಒ ತನಕ, ಎಚ್ ಟು ಒ, ವಾಟರ್.

ಇದು ಗೊತ್ತಾಗುವಾಗ ಮೆಟ್ಟಿಲು ಮೆಟ್ಟಿಲಾಗಿ ಗೊತ್ತಾಗುವುದಿಲ್ಲ, ಗಮನಿಸಿದ್ದೀರಾ? ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಮ್ಮೆಗೇ ಎಲ್ಲ. ಕನ್ನಡದಲ್ಲಿ ಇದಕ್ಕೆ ‘ಹೊಳೆಯಿತು’ ಅನ್ನುತ್ತೇವೆ. ಮಾರ್ಕ್ ಜಂಗ್-ಬೀಮನ್, ಜಾನ್ ಕೂನಿಯಸ್ ಮತ್ತು ಜೊತೆಗಾರರು ಈ ಹೊಳೆಯುವ ಕ್ಷಣವನ್ನೇ ಹಿಡಿಯಲು ಹೊರಟರು. ‘ಪೈನ್’, ‘ಕ್ರ್ಯಾಬ್’, ‘ಸಾಸ್’ ಈ ಮೂರಕ್ಕೂ ಹೊಂದುವ ಒಂದು ಪದ ಹೇಳಿ ಎಂಬಂಥ ಒಗಟು ಕೊಟ್ಟು, ಬಿಡಿಸುವವರ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. (ಉತ್ತರ ‘ಆ್ಯಪಲ್’.) ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಉತ್ತರ ಫಕ್ಕನೆ ಹೊಳೆದಾಗ, ಹೊಳೆಯಿತು ಅಂತ ಜನ ತಿಳಿಸುವ ಸುಮಾರು 0.3 ಸೆಕೆಂಡ್ ಮೊದಲು, ಬಲಗಿವಿಯ ಮೇಲ್ಭಾಗದ ಮಿದುಳಿನಲ್ಲಿ ವೇಗದ ಗಾಮಾ ಅಲೆಗಳು ಚಿಮ್ಮಿದ್ದವು. ಒಂದೊಂದಾಗಿ ಯೋಚಿಸಿ ಉತ್ತರ ತಲುಪಿದಾಗ ಹಾಗೆ ಚಿಮ್ಮಿರಲಿಲ್ಲ. ನನಗೆ ಇದಕ್ಕಿಂತ ಕುತೂಹಲ ಅನ್ನಿಸಿದ್ದು ಇನ್ನೊಂದು. ಆ ಚಿಮ್ಮುವಿಕೆಗೂ ಸ್ವಲ್ಪ ಮುಂಚೆ ಮಿದುಳಿನ ಹಿಂಭಾಗದಲ್ಲಿ, ನೋಟವನ್ನು ಸಂಭಾಳಿಸುವ ಕಡೆ, ಆಲ್ಫಾ ಅಲೆಗಳು ಹೆಚ್ಚಾಗಿದ್ದವು. ಹೊರಗಿನಿಂದ ಬರುವ ನೋಟವನ್ನು ಮಿದುಳು ಒಂದು ಗಳಿಗೆ ತಗ್ಗಿಸುತ್ತದೆ ಅಂತ ಅವರು ಅದನ್ನು ಅರ್ಥೈಸಿದರು. ಯೋಚಿಸುವವರು ಸೂರು ನೋಡುವುದು ಯಾಕೆ ಅಂತ ಸ್ವಲ್ಪ ಗೊತ್ತಾಗುತ್ತದೆ.

‘ಹೊಳೆ’ ಅಂದಾಗ ನೆನಪಾಯಿತು: ‘ಹಿಂದಿನ ದಿನದ ಹೊಳೆ (2)’. ಹಿಂದಿನ ದಿನ ಅಂದರೆ ನಿನ್ನೆ ಅಲ್ಲ, ಹಿಂದಿನಿಂದ ಓದಿದ ‘ದಿನ’. ನದಿ. ನಡುವಿನ ‘ದ’ ಬರೀ ಕೊಂಡಿ. ಈ ಸುಳಿವನ್ನು ಒಬ್ಬ ಗೆಳೆಯನಿಗೆ ಕೊಟ್ಟೆ. ಅವನು ‘ನಿನ್ನೆ’ಯನ್ನು ಹಿಡಿದವನು ಬಿಡಲೇ ಇಲ್ಲ. ನಿನ್ನೆ ಹೊರಟ, ನಿನ್ನೆ ಸುತ್ತಿದ, ನಿನ್ನೆಗೇ ಬಂದ. ಬುದ್ಧಿ ಕಡಿಮೆ ಇದ್ದವರಿಗೆ ಹೀಗಾಗುತ್ತದೆ ಅಂತಲ್ಲ. 2008ರಲ್ಲಿ ಮೆರಿಮ್ ಬಿಲಾಲಿಚ್ ಮತ್ತು ಜೊತೆಗಾರರು ನುರಿತ ಚೆಸ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದರು. ಗೆಲ್ಲಲು ಒಂದು ಪರಿಚಿತ ದಾರಿ ಇತ್ತು, ಅದಕ್ಕಿಂತ ಚುಟುಕಾದ ಇನ್ನೊಂದೂ ಇತ್ತು. ಮೊದಲನೆಯದು ಸಿಕ್ಕ ಆಟಗಾರರು, ಬೇರೆ ದಾರಿ ಹುಡುಕುತ್ತಿದ್ದೇವೆ ಅಂತ ಬಾಯಲ್ಲಿ ಹೇಳುತ್ತಿದ್ದರು. ಕಣ್ಣು ಮಾತ್ರ ಹಳೇ ದಾರಿಯ ಚೌಕಗಳಿಗೇ ಮತ್ತೆ ಮತ್ತೆ ಹೋಗುತ್ತಿತ್ತು. ಸುಳಿವು ಬಗೆಹರಿಯದಿದ್ದಾಗ ಎದ್ದು ಹೋಗಿ ಬೇರೆ ಕೆಲಸ ಮಾಡಿ ಅನ್ನುವುದು ಅದಕ್ಕೇ. ಹಲ್ಲುಜ್ಜುವಾಗ ಉತ್ತರ ಸಿಕ್ಕಿದ ಸುಳಿವುಗಳು ನನ್ನ ಲೆಕ್ಕದಲ್ಲಿ ಜಾಸ್ತಿಯೇ ಇವೆ.

ಪದಬಂಧ ಅಂದರೆ ಭಾಷಾಪ್ರಿಯರ, ಸಾಹಿತ್ಯ ಓದಿದವರ ಆಟ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಬ್ರಿಟನ್ನಿನ ಬಕಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕ್ಯಾಥ್ರಿನ್ ಫ್ರೀಡ್‌ಲ್ಯಾಂಡರ್ ಮತ್ತು ಫಿಲಿಪ್ ಫೈನ್ ಕ್ರಿಪ್ಟಿಕ್ ಬಿಡಿಸುವವರನ್ನು ದೊಡ್ಡ ಸಂಖ್ಯೆಯಲ್ಲಿ ಸಮೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಪಳಗಿದವರಲ್ಲಿ ಗಣಿತ, ವಿಜ್ಞಾನ, ಕಂಪ್ಯೂಟರ್ ಕಡೆಯವರು ಎದ್ದು ಕಾಣುತ್ತಿದ್ದರು. ನನಗೇನೂ ಆಶ್ಚರ್ಯ ಆಗಲಿಲ್ಲ. ‘ಮರ’ ಅಂದಾಗ ನೆರಳು, ಎಲೆ, ಹಕ್ಕಿ ನೆನಪಾಗುವವರಿಗಿಂತ ‘ಮ, ರ’ ಅಂತ ಎರಡು ಸಂಕೇತ ಕಾಣುವವರಿಗೆ ಇಲ್ಲಿ ಅನುಕೂಲ. ಯುದ್ಧಕಾಲದ ಬ್ರಿಟನ್ನಿಗೂ ಇದು ಗೊತ್ತಿದ್ದ ಹಾಗಿತ್ತು. 1942ರ ಜನವರಿಯಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆ ಒಂದು ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ಇಟ್ಟಿತು. ಅದಾದ ಮೇಲೆ ಕೆಲವು ಸ್ಪರ್ಧಿಗಳಿಗೆ ಸರ್ಕಾರದಿಂದ ಸದ್ದಿಲ್ಲದೆ ಪತ್ರ ಬಂತು. ಅವರು ಹೋಗಿ ಸೇರಿದ್ದು ಬ್ಲೆಚ್ಲಿ ಪಾರ್ಕಿಗೆ, ಶತ್ರುಗಳ ಗೂಢಲಿಪಿ ಒಡೆಯುವ ಕೆಲಸಕ್ಕೆ.

ಇಷ್ಟಾದರೂ ಬಿಡಿಸುವವರ ಕೈಲಿ ಒಂದು ಆಯುಧ ಇದೆ: ಅಡ್ಡ ಬರುವ ಪದದ ಅಕ್ಷರ. ಮಾಹಿತಿ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಕ್ಲಾಡ್ ಶಾನನ್ ತಮ್ಮ 1948ರ ಪ್ರಬಂಧದಲ್ಲೇ ಪದಬಂಧದ ಬಗ್ಗೆ ನಾಲ್ಕು ಸಾಲು ಬರೆದಿದ್ದಾರೆ. ಭಾಷೆಯಲ್ಲಿ ಅಕ್ಷರಗಳು ಹೇಗೆ ಬೇಕಾದರೂ ಕೂರಬಹುದು ಅಂತಿದ್ದರೆ ಯಾವ ಗೀಚಾಟವೂ ಪದಬಂಧ ಆಗುತ್ತಿತ್ತು. ಕಟ್ಟುಪಾಡು ತೀರಾ ಜಾಸ್ತಿ ಇದ್ದರೆ ದೊಡ್ಡ ಪದಬಂಧ ಕಟ್ಟಲೇ ಆಗುತ್ತಿರಲಿಲ್ಲ. ಒಂದಕ್ಷರ ಗೊತ್ತಾದರೆ ಪಕ್ಕದ್ದರ ಬಗ್ಗೆ ಅರ್ಧಂಬರ್ಧ ಗೊತ್ತಾಗುವ ನಡುವಿನ ಜಾಗದಲ್ಲಿ ಈ ಆಟ ಬದುಕಿದೆ. ಇಂಗ್ಲಿಷಿನ ಒಂದು ಚೌಕದಲ್ಲಿ ಕೂರಬಹುದಾದ್ದು 26 ಅಕ್ಷರ. ಕನ್ನಡದ ಚೌಕದಲ್ಲಿ ಕಾಗುಣಿತ ಸಮೇತ ಇಡೀ ಅಕ್ಷರ ಕೂರುತ್ತದೆ. 34 ವ್ಯಂಜನ, 13 ಸ್ವರ ಅಂದರೆ, ಒತ್ತಕ್ಷರ ಬಿಟ್ಟೂ 442. ಕಟ್ಟುವವರಿಗೆ ಇದು ಕಷ್ಟ. ‘ಕ’ ಇರುವ ಕಡೆ ‘ಕಿ’ ಒಪ್ಪುವುದಿಲ್ಲ. ಬಿಡಿಸುವವರಿಗೆ ಹಬ್ಬ, ಒಂದೇ ಅಕ್ಷರ ಸಿಕ್ಕರೂ ನೂರಾರು ಊಹೆಗಳು ಒಟ್ಟಿಗೇ ಬಿದ್ದುಹೋಗುತ್ತವೆ.

ಹೊಳೆದದ್ದೆಲ್ಲ ಸರಿ ಅಂತಲೂ ಅಲ್ಲ. ಅದೇ ಗೆಳೆಯನಿಗೆ ಇನ್ನೊಂದು ಸುಳಿವು ಕೊಟ್ಟಿದ್ದೆ. ‘ಪಕ್ಕದ ಪ್ರವಾಹ (2)’. ಅವನು ಕ್ಷಣದಲ್ಲೇ ‘ದಡ’ ಅಂತ ಬರೆದ, ಅದೂ ಪೆನ್ನಿನಲ್ಲಿ. ಪ್ರವಾಹದ ಪಕ್ಕ ದಡ ಅಂದ. ಪ್ರವಾಹದ ಪಕ್ಕ ಅಲ್ಲ ಮಾರಾಯ, ಪಕ್ಕದ ಪ್ರವಾಹ ಅಂದೆ. ಎರಡು ಪದವೂ ಒಂದೊಂದಾಗಿ ಉತ್ತರಕ್ಕೆ ಲೆಕ್ಕ ಕೊಡಬೇಕು. ಅಷ್ಟರಲ್ಲಿ ಮೇಲಿನಿಂದ ಕೆಳಕ್ಕೆ ಬರುವ ಪದದಿಂದ ಕೊನೆಯ ಅಕ್ಷರ ‘ರೆ’ ಅಂತ ಸಿಕ್ಕಿತು. ‘ಕೆರೆ’ ಅಂದ. ‘ತೆರೆ’ ಅಂದ. ನೀರೇನೋ ಇದೆ, ಪಕ್ಕ ಎಲ್ಲಿ ಅಂದೆ. ದಡವನ್ನು ಹೊಡೆದುಹಾಕಿ, ಮೇಲೆ ‘ರೆ’ ಅಂತ ಬರೆದು, ಸೂರು ನೋಡುತ್ತಾ ಕೂತ.