ನನ್ನ ಫೋನ್ ಕದ್ದಾಲಿಕೆ ಆಗ್ತಿದೆ ಅನ್ನೋ ಅನುಮಾನ, ಹೈಕೋರ್ಟಿಗೆ ಹೋಗಬಹುದಾ?

ಪ್ರಶ್ನೆ: ರಾಜಾಜಿನಗರದಲ್ಲಿ ಬಡಾವಣೆ ಸಂಘದ ಕೆಲಸ ಮಾಡುವವನು ನಾನು. ಒಂದೆರಡು ಪ್ರತಿಭಟನೆ ಮಾಡಿಸಿದ ಮೇಲೆ ಫೋನಿನಲ್ಲಿ ಮಾತಾಡುವಾಗ ಟಿಕ್ ಟಿಕ್ ಸದ್ದು ಬರುತ್ತಿದೆ. ಪೊಲೀಸರು ಕದ್ದು ಕೇಳುತ್ತಿದ್ದಾರೆಂದು ಅನುಮಾನ. ಕೋರ್ಟಿಗೆ ಹೋಗಬಹುದೇ? ಪುರಾವೆ ಎಲ್ಲಿಂದ ತರಲಿ?

ಉತ್ತರ: ಹೋಗಬಹುದು. ಆದರೆ ಆ ಟಿಕ್ ಟಿಕ್ ಸದ್ದು ನಿಮ್ಮ ಕೈ ಹಿಡಿಯುವುದಿಲ್ಲ. ಸರ್ಕಾರ ಆದೇಶ ಹೊರಡಿಸಿ ಕದ್ದಾಲಿಸುವಾಗ ನಿಮ್ಮ ಫೋನನ್ನು ಮುಟ್ಟಬೇಕಾಗಿಯೇ ಇಲ್ಲ. ಮೊಬೈಲ್ ಕಂಪನಿಯ ಕಡೆಯಿಂದಲೇ ನಿಮ್ಮ ಕರೆ ತನಿಖಾ ಸಂಸ್ಥೆಗೂ ಕೇಳಿಸುತ್ತದೆ. ಸದ್ದು ಬರುವುದು ಹೆಚ್ಚಾಗಿ ನೆಟ್‌ವರ್ಕ್ ಸರಿಯಿಲ್ಲದ್ದಕ್ಕೆ.

ಹಾಗೆಂದು ನಿಮ್ಮ ಅನುಮಾನವನ್ನು ನಗೆಯಾಡಲಾರೆ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದೇ ಫೋನ್ ಕದ್ದಾಲಿಕೆ ಆರೋಪದ ಮೇಲೆ. 2019ರಲ್ಲಿ ಮೈತ್ರಿ ಸರ್ಕಾರ ಬಿದ್ದ ಬೆನ್ನಿಗೇ ಅದೇ ಆರೋಪ ಮತ್ತೆ ಎದ್ದು, ಯಡಿಯೂರಪ್ಪನವರ ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಈ ಊರಿನಲ್ಲಿ ಸೈಟಿನ ದಲ್ಲಾಳಿಯಿಂದ ಹಿಡಿದು ಶಾಸಕರ ಪಿಎವರೆಗೆ ಎಲ್ಲರೂ ಮಾತು ಸ್ವಲ್ಪ ಗಟ್ಟಿಯಾದ ತಕ್ಷಣ ‘ಇರಿ, ವಾಟ್ಸಾಪ್ ಕಾಲ್ ಮಾಡ್ತೀನಿ’ ಎಂದು ಫೋನ್ ಇಡುವುದು ಸುಮ್ಮನೆ ಅಲ್ಲ.

ಕಾನೂನು ಏನನ್ನುತ್ತದೆ? ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆ, ಈ ಎರಡರಲ್ಲಿ ಒಂದಾದರೂ ಇಲ್ಲದೆ ಕದ್ದಾಲಿಸುವಂತಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದ್ದ ಈ ಷರತ್ತು 2023ರ ದೂರಸಂಪರ್ಕ ಕಾಯ್ದೆಗೂ ಬಂದಿದೆ. ರಾಜ್ಯದಲ್ಲಾದರೆ ಗೃಹ ಕಾರ್ಯದರ್ಶಿ ಕಾರಣ ಬರೆದು ಆದೇಶ ಮಾಡಬೇಕು. ಒಂದು ಆದೇಶದ ಆಯಸ್ಸು 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ಮೀರಕೂಡದು. ಆದೇಶ ಸರಿಯಿದೆಯೇ ಎಂದು ನೋಡುವುದು ಮುಖ್ಯ ಕಾರ್ಯದರ್ಶಿಯ ನೇತೃತ್ವದ ಪರಿಶೀಲನಾ ಸಮಿತಿ. ಅದರಲ್ಲಿ ಇರುವವರೆಲ್ಲ ಕಾರ್ಯದರ್ಶಿಗಳೇ. ಈ ಕಾವಲನ್ನು ಹಾಕಿಸಿದ್ದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ 1996ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್. ಆದೇಶಕ್ಕೆ ಮುಂಚೆ ನ್ಯಾಯಾಧೀಶರ ಒಪ್ಪಿಗೆ ಬೇಕು ಎಂಬ ಬೇಡಿಕೆಯನ್ನು ಅದು ಅಂದು ಒಪ್ಪಲಿಲ್ಲ. ನನ್ನ ಮಟ್ಟಿಗೆ ಅಲ್ಲೇ ಎಡವಟ್ಟಾಯಿತು. ವಿಧಾನಸೌಧದ ಒಂದು ಕೊಠಡಿ ಬರೆದದ್ದನ್ನು ಪಕ್ಕದ ಕೊಠಡಿ ತಿದ್ದುತ್ತದೆ ಎಂದು ನಂಬುವುದು ಹೇಗೆ?

ಇನ್ನು ಪುರಾವೆ. ‘ನಿಮ್ಮ ಫೋನ್ ಇಷ್ಟು ದಿನ ಕೇಳಿದೆವು’ ಎಂದು ಮುಗಿದ ಮೇಲಾದರೂ ನಿಮಗೆ ತಿಳಿಸಬೇಕೆಂಬ ನಿಯಮವಿಲ್ಲ. ಬೇಡವಾದ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶ ಮಾಡಬೇಕೆಂಬ ನಿಯಮ ಮಾತ್ರ ಇದೆ. ಅದು ಖಾಸಗಿತನ ಕಾಯಲು ಮಾಡಿದ್ದು ನಿಜ, ಜೊತೆಗೆ ಗುರುತೂ ಅಳಿಸಿ ಹೋಗುತ್ತದೆ.

ಹಾಗಾದರೆ ಗೆದ್ದವರು ಯಾರು? 2019ರಲ್ಲಿ ಬಾಂಬೆ ಹೈಕೋರ್ಟ್ ಒಬ್ಬ ಉದ್ಯಮಿಯ ವಿರುದ್ಧದ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿತು. 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ 2011ರ ಒಂದು ಆದೇಶವನ್ನು ಹೊಡೆದುಹಾಕಿತು. ಎರಡೂ ಲಂಚದ ಪ್ರಕರಣಗಳು, ಎರಡರಲ್ಲೂ ಅರ್ಜಿದಾರರು ಸಿಬಿಐ ಕೇಸಿನ ಆರೋಪಿಗಳು. ಕದ್ದಾಲಿಸಿದ ಮಾತನ್ನು ಸಿಬಿಐ ತನ್ನ ಕೇಸಿಗೆ ಬಳಸಿದ್ದರಿಂದಲೇ ಅವರಿಗೆ ವಿಷಯ ಗೊತ್ತಾಗಿದ್ದು! ಕೇಸೇ ಇಲ್ಲದ ನಿಮ್ಮಂಥವರಿಗೆ ಆ ಬಾಗಿಲೂ ಇಲ್ಲ. ಆರೋಪಿಗಳೂ ಎಲ್ಲ ಕಡೆ ಗೆದ್ದಿಲ್ಲ. ಅದೇ 2025ರಲ್ಲಿ ದೆಹಲಿ ಹೈಕೋರ್ಟ್ ಇನ್ನೊಂದು ಭ್ರಷ್ಟಾಚಾರ ಪ್ರಕರಣದಲ್ಲಿ ಕದ್ದಾಲಿಕೆಯನ್ನು ಎತ್ತಿಹಿಡಿಯಿತು.

ಫೋನಿನೊಳಗೇ ನುಸುಳಿ ಬೇಹುಗಾರಿಕೆ ಮಾಡುವ ಪೆಗಾಸಸ್ ತಂತ್ರಾಂಶದ ವಿಷಯದಲ್ಲಿ ಸುಪ್ರೀಂ ಕೋರ್ಟೇ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ತನಿಖೆ ಮಾಡಿಸಿತು. 29 ಫೋನ್ ನೋಡಿದರು, 5ರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎನ್ನಲಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು 2022ರಲ್ಲಿ ಕೋರ್ಟಿನಲ್ಲೇ ಹೇಳಲಾಯಿತು.

ಕಣ್ಣಿಗೆ ಕಾಣುವ ಕಣ್ಗಾವಲಿನ ಕಥೆ ಬೇರೆ. ಕೋವಿಡ್ ಕಾಲದ ಸರ್ಕಾರಿ ಆ್ಯಪ್ ಆರೋಗ್ಯ ಸೇತು ವಿರುದ್ಧ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ನಮ್ಮ ಹೈಕೋರ್ಟಿಗೆ ಹೋದರು. ಆ್ಯಪ್ ಎಲ್ಲರ ಕೈಯಲ್ಲೂ ಇತ್ತು, ‘ನನ್ನನ್ನು ನೋಡುತ್ತಿದ್ದಾರೆ’ ಎಂದು ಅವರು ಬೇರೆ ಸಾಬೀತು ಮಾಡಬೇಕಿರಲಿಲ್ಲ. ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಜನರ ಮಾಹಿತಿ ಹಂಚಿಕೊಳ್ಳಬೇಡಿ ಎಂದು 2021ರ ಜನವರಿಯಲ್ಲಿ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಅದಕ್ಕೆ ಬುನಾದಿ 2017ರ ಒಂಬತ್ತು ನ್ಯಾಯಮೂರ್ತಿಗಳ ಖಾಸಗಿತನದ ತೀರ್ಪು. ಆ 2017ರ ಪ್ರಕರಣದ ಅರ್ಜಿ ಹಾಕಿದ್ದವರೂ ಇಲ್ಲಿಯವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಿಮ್ಮ ವಿಷಯಕ್ಕೆ ಬರೋಣ. ಬರೀ ಅನುಮಾನ ಹಿಡಿದು ಈಗಲೇ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರೆ ನಿಲ್ಲುವುದು ಕಷ್ಟ. ಆದರೆ ಫೋನಿನಲ್ಲಿ ಮಾತ್ರ ಆಡಿದ್ದ ಮಾತನ್ನು ಇನ್‌ಸ್ಪೆಕ್ಟರ್ ಎದುರಿಗೆ ಆಡಿದರೆ ಯಾರು, ಯಾವತ್ತು, ಯಾವ ಮಾತು ಎಂದು ಅಂದೇ ಬರೆದಿಡಿ. ನೋಟಿಸ್ ಬಂದರೆ ಲಕೋಟೆಯ ಸಮೇತ ಇಟ್ಟುಕೊಳ್ಳಿ. ಮುಂದೆ ಕೇಸಾಗಿ ಅದರಲ್ಲಿ ನಿಮ್ಮ ಕರೆಯ ಮಾತು ಕಂಡರೆ, ಗೃಹ ಕಾರ್ಯದರ್ಶಿಯ ಆದೇಶ ಮತ್ತು ಪರಿಶೀಲನಾ ಸಮಿತಿಯ ಕಡತ ಎರಡನ್ನೂ ತರಿಸಿ ಎಂದು ವಕೀಲರಿಂದ ಮೊದಲ ದಿನವೇ ಕೇಳಿಸಿ. ಮದ್ರಾಸ್ ಪ್ರಕರಣದಲ್ಲಿ ಆದೇಶ ಸಮಿತಿಯ ಮುಂದೆ ಹೋಗದಿದ್ದದ್ದೂ ಸರ್ಕಾರಕ್ಕೆ ಮುಳುವಾಯಿತು. ಪೊಲೀಸರಲ್ಲ, ನಿಮ್ಮ ಸಂಘದ ಎದುರಾಳಿಗಳೇ ಫೋನಿಗೆ ಏನೋ ತುರುಕಿದ್ದಾರೆ ಎನಿಸಿದರೆ ಕೋರ್ಟಿಗಿಂತ ಮುಂಚೆ ನಿಮ್ಮ ವಿಭಾಗದ ಸೆನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ ದೂರು ಕೊಡಿ. ಫೋನನ್ನು ರೀಸೆಟ್ ಮಾಡದೆ, ಇದ್ದ ಹಾಗೇ ಒಯ್ಯಿರಿ.