ಅಂಗವೈಕಲ್ಯ ಪಿಂಚಣಿ ನಿರಾಕರಿಸಿ ಎಷ್ಟೋ ವರ್ಷವಾಯಿತು, ಈಗಲೂ ಅಪೀಲ್ ಹಾಕಬಹುದಾ?

ಪ್ರಶ್ನೆ: ನಮ್ಮ ತಂದೆ ಸೇನೆಯಲ್ಲಿ ಹವಾಲ್ದಾರ್ ಆಗಿದ್ದರು. 2016ರಲ್ಲಿ ನಿವೃತ್ತರಾದಾಗ ಬಿಪಿಗೆ 30% ಅಂಗವೈಕಲ್ಯ ಅಂತ ಬರೆದರು. ಆದರೆ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎಂದು ಆ ಭಾಗದ ಪಿಂಚಣಿ ಕೊಡಲಿಲ್ಲ. ಆರು ತಿಂಗಳೊಳಗೆ ಅಪೀಲ್ ಹಾಕಬೇಕಿತ್ತಂತೆ. ಈಗ ಕಾಲ ಮೀರಿತಾ?
(ಓದುಗರು, ದಾಸರಹಳ್ಳಿ, ಬೆಂಗಳೂರು)

ಮೀರಿಲ್ಲ. ಆರು ತಿಂಗಳ ಗಡುವು ಇರುವುದು ನಿಜ. ಆದರೆ ಪಿಂಚಣಿ ತಿಂಗಳು ತಿಂಗಳೂ ಬರಬೇಕಾದ ಹಣ. ಕೊಡದೇ ಇರುವಷ್ಟು ಕಾಲವೂ ಅನ್ಯಾಯ ಮುಂದುವರಿಯುತ್ತಲೇ ಇರುತ್ತದೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ತಡ ಮಾಡಿದ್ದಕ್ಕೆ ಕೈತಪ್ಪುವುದು ಹಳೆ ಬಾಕಿ. ಸಾಮಾನ್ಯವಾಗಿ ಕೇಸು ಹಾಕುವ ಹಿಂದಿನ ಮೂರು ವರ್ಷದ್ದು ಮಾತ್ರ ಸಿಗುತ್ತದೆ. ಅದಕ್ಕೇ ಇನ್ನು ಸುಮ್ನೆ ಕೂರಬೇಡಿ.

ವಕೀಲರನ್ನು ಹುಡುಕುವ ಮೊದಲು ಒಂದು ಕಾಗದ ಹುಡುಕಿ. ನಿವೃತ್ತಿಯ ಹೊತ್ತಿಗೆ ಮೆಡಿಕಲ್ ಬೋರ್ಡ್ ತುಂಬಿದ ಎಎಫ್‌ಎಂಎಸ್‌ಎಫ್-16 ನಮೂನೆ ಅದು. ಮನೆಯಲ್ಲಿ ಇಲ್ಲದಿದ್ದರೆ ತಂದೆಯ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ. ಅವರು ಎಂಇಜಿಯವರಾಗಿದ್ದರೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆ ಆಫೀಸು ಬೆಂಗಳೂರಿನಲ್ಲೇ ಇದೆ. ಪ್ರತಿ ಬಂದ ಮೇಲೆ, 'ಸೇವೆಗೆ ಸಂಬಂಧವಿಲ್ಲ' ಎಂದಿರುವ ಕಡೆ ಕಾರಣ ಏನು ಕೊಟ್ಟಿದ್ದಾರೆ ನೋಡಿ. ಎಷ್ಟೋ ಸಲ 'ಪೀಸ್ ಸ್ಟೇಷನ್‌ನಲ್ಲಿ ಶುರುವಾದದ್ದು' (ಅಂದರೆ ಗಡಿ, ಕಾಳಗದಿಂದ ದೂರದ ಶಾಂತ ನೆಲೆಯಲ್ಲಿ) ಅಂತ ಒಂದೇ ಸಾಲು ಇರುತ್ತದೆ. ನಿಮ್ಮ ಅಪೀಲು ನಿಲ್ಲುವುದೇ ಆ ಸಾಲಿನ ಮೇಲೆ.

2013ರ ಧರ್ಮವೀರ್ ಸಿಂಗ್ ತೀರ್ಪು ಇದಕ್ಕೆ ಆಧಾರ. ಸೇನೆಗೆ ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಬಂದರೆ, ಅದು ಸೇವೆಯಿಂದ ಬಂತೆಂದೇ ಭಾವಿಸಬೇಕು. ಅಲ್ಲ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಬೋರ್ಡ್ ಕಾರಣ ಬರೆಯಲೇಬೇಕು. ನ್ಯಾಯವಾದ ಮಾತು, ಅಲ್ವಾ? ಎದೆ ಅಳೆದು, ಮೈಲಿಗಟ್ಟಲೆ ಓಡಿಸಿ, ಫಿಟ್ ಎಂದು ಸೇರಿಸಿಕೊಂಡ ಹುಡುಗ ಅವನು. ಇನ್ನೊಂದು ಕೆಲಸ ಮಾಡಿ. ಬಿಪಿ ಮೊದಲು ಕಂಡದ್ದು ಯಾವ ತಿಂಗಳು, ಅದಕ್ಕೆ ಮುಂಚೆ ತಂದೆ ಎಲ್ಲಿ ಡ್ಯೂಟಿಯಲ್ಲಿದ್ದರು ಎಂದು ಪೋಸ್ಟಿಂಗ್ ಪಟ್ಟಿ ಜೊತೆ ತಾಳೆ ನೋಡಿ. ಪೀಸ್ ಸ್ಟೇಷನ್‌ಗೆ ಬರುವ ಮುಂಚೆ ಗಡಿಯಲ್ಲೋ ಎತ್ತರದ ಹಿಮದಲ್ಲೋ ಇದ್ದರೆ ಅದನ್ನು ಅಪೀಲಿನಲ್ಲಿ ತಪ್ಪದೆ ಬರೆಯಿರಿ.

2023ರ ಸೆಪ್ಟೆಂಬರ್ 21ರಿಂದ ಅಂಗವೈಕಲ್ಯ ಪಿಂಚಣಿಗೆ ಹೊಸ ನಿಯಮ ಬಂದಿದೆ. 2016ರಲ್ಲೇ ನಿವೃತ್ತರಾದ ನಿಮ್ಮ ತಂದೆಗೆ ಅದು ಅನ್ವಯವಾಗದು.

ಮೊದಲ ಅಪೀಲನ್ನು ರೆಕಾರ್ಡ್ಸ್ ಆಫೀಸಿಗೆ ಕಳಿಸಿ, ತಡವಾದ ಕಾರಣವನ್ನೂ ಬರೆಯಿರಿ. ತಿರಸ್ಕರಿಸಿದರೆ ಎರಡನೇ ಅಪೀಲ್ ಇದೆ. ಆರು ತಿಂಗಳಾದರೂ ಉತ್ತರ ಬರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕ ಬರುವುದು ಅದರ ಕೊಚ್ಚಿ ಪೀಠದ ಕೆಳಗೆ. ದಾರಿ ಕೇಳಲು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯ ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ.

ಅರ್ಜಿಯಲ್ಲಿ ಒಂದು ಬೇಡಿಕೆ ಮರೆಯಬೇಡಿ. 2014ರ ರಾಮ್ ಅವತಾರ್ ತೀರ್ಪಿನ ಪ್ರಕಾರ, ಪೂರ್ತಿ ಸೇವೆ ಮುಗಿಸಿ ನಿವೃತ್ತರಾದವರಿಗೂ 30% ಅನ್ನು 50% ಎಂದೇ ಲೆಕ್ಕ ಹಾಕಬೇಕು. ನೀವು ಕೇಳದಿದ್ದರೆ 30%ಗೇ ನಿಂತುಬಿಡಬಹುದು.